ಸಿಕ್ಸ್ ಪ್ಯಾಕ್ ಇಲ್ಲದವನು ಫಿಟ್ ಅಲ್ಲವೇ?

ಪ್ರಶ್ನೆ: ನನಗೆ 29 ವರ್ಷ. ನಿಲ್ಲದೆ ಹತ್ತು ಕಿಲೋಮೀಟರ್ ಓಡುತ್ತೇನೆ, ವಾರಕ್ಕೆರಡು ದಿನ ಜಿಮ್‌ನಲ್ಲಿ ಭಾರ ಎತ್ತುತ್ತೇನೆ. ದಿನಾ ಕ್ರಂಚಸ್ (ಅಂಗಾತ ಮಲಗಿ ಭುಜ ಎತ್ತುವ ಹೊಟ್ಟೆಯ ವ್ಯಾಯಾಮ) ಮಾಡಿದರೂ ಸಿಕ್ಸ್ ಪ್ಯಾಕ್ ಬಂದಿಲ್ಲ. ‘ನೀನೆಂಥ ಫಿಟ್’ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ಆ ಗೆಳೆಯರನ್ನು ಒಂದು ದಿನ ನಿಮ್ಮ ಜೊತೆ ಓಡಲು ಕರೆಯಿರಿ. ಉತ್ತರ ಇಷ್ಟೇ. ಆದರೆ ಬರೆದವರ ವಯಸ್ಸೊಂದು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಬುಡಸಮೇತ ಕಿತ್ತು ನೋಡೋಣ.

ಸಿಕ್ಸ್ ಪ್ಯಾಕ್ ಎಲ್ಲಿಂದಲೋ ಬರಬೇಕಾಗಿಲ್ಲ, ನಿಮ್ಮಲ್ಲಿ ಈಗಾಗಲೇ ಇದೆ. ಎದೆಗೂಡಿನಿಂದ ಸೊಂಟದ ಮುಂಭಾಗದ ಮೂಳೆಯವರೆಗೆ ಇಳಿಯುವ ಜೋಡಿ ಸ್ನಾಯು, ರೆಕ್ಟಸ್ ಅಬ್ಡಾಮಿನಿಸ್, ಎಲ್ಲರ ಹೊಟ್ಟೆಯಲ್ಲೂ ಇರುತ್ತದೆ. ಅದಕ್ಕೆ ಅಡ್ಡಡ್ಡವಾಗಿ ಹಾದುಹೋದ ನಾರಿನ ಪಟ್ಟಿಗಳೇ ಅದನ್ನು ಗಂಟುಗಂಟಾಗಿ ತೋರಿಸುವುದು. ಪಟ್ಟಿಗಳು ಎಷ್ಟು, ಎಡಬಲ ಸಮನಾಗಿವೆಯೇ ಎಂಬುದೆಲ್ಲ ಹುಟ್ಟಿನಿಂದ ಬಂದದ್ದು. ಕೆಲವರಿಗೆ ನಾಲ್ಕೇ ಗಂಟು, ಕೆಲವರಿಗೆ ಎಂಟು. ಯಾವ ಟ್ರೇನರ್ ಕೂಡ ಇದನ್ನು ಬದಲಿಸಲಾರ. ಮೇಲಿನ ಕೊಬ್ಬಿನ ಪದರ ತೆಳುವಾದರೆ ಅವು ಕಾಣುತ್ತವೆ, ಇಲ್ಲದಿದ್ದರೆ ಇಲ್ಲ. ಗಂಡಸರಲ್ಲಿ ದೇಹದ ಕೊಬ್ಬು ತೂಕದ ಸುಮಾರು ಶೇ. 10–12ಕ್ಕೆ ಇಳಿಯುವವರೆಗೆ ಸಾಮಾನ್ಯವಾಗಿ ಸ್ಪಷ್ಟವಾಗಿ ಕಾಣುವುದಿಲ್ಲ.

ಹಾಗಾದರೆ ಕ್ರಂಚಸ್? ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಒಳ್ಳೆಯದೇ. ಆದರೆ ದುಡಿಯುವ ಸ್ನಾಯು ಪಕ್ಕದ ಕೊಬ್ಬನ್ನೇ ಕಿತ್ತು ತಿನ್ನುವುದಿಲ್ಲ. ಕೊಬ್ಬು ಇಡೀ ದೇಹದಿಂದ ಕರಗಿ ರಕ್ತದ ಮೂಲಕ ಬರುತ್ತದೆ. 1971ರಲ್ಲೇ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದ್ದಾರೆ. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳು ದಪ್ಪಗಾಗಿತ್ತು, ಆದರೆ ಚರ್ಮದಡಿಯ ಕೊಬ್ಬು ಎರಡರಲ್ಲೂ ಒಂದೇ ಸಮ. ಇಷ್ಟು ಹಳೆಯ ವಿಷಯ ಇನ್ನೂ ಜಿಮ್‌ಗಳಿಗೆ ತಲುಪಿಲ್ಲ!

ಇನ್ನು, ಗಂಟು ಕಂಡರೆ ಫಿಟ್ ಎಂಬ ಮಾತು. ವೇದಿಕೆಯ ಮೇಲೆ ಮಿಂಚುವ ಬಾಡಿಬಿಲ್ಡರ್ ತಿಂಗಳುಗಟ್ಟಲೆ ಊಟ ಕತ್ತರಿಸಿ ಬಂದಿರುತ್ತಾನೆ. ಅಷ್ಟರಲ್ಲಿ ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಕುಸಿದಿರುತ್ತದೆ, ಶಕ್ತಿ ಉಡುಗಿರುತ್ತದೆ. ಇನ್ನೊಂದು ಕಡೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಐವತ್ತು ಚಿಲ್ಲರೆ ಕೆ.ಜಿ. ತೂಗುವ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಅವರು ಮ್ಯಾರಥಾನ್ ಗೆದ್ದರು. 170 ಕೆ.ಜಿ. ಮೀರಿದ, ಹೊಟ್ಟೆ ಮುಂದೆ ಬಂದ ಜಾರ್ಜಿಯಾದ ವೇಟ್‌ಲಿಫ್ಟರ್ ಲಾಷಾ ತಲಖಾಡ್ಜೆ ಎರಡು ಬಗೆಯ ಎತ್ತುವಿಕೆಯಲ್ಲಿ ಒಟ್ಟು 488 ಕೆ.ಜಿ. ಎತ್ತಿ ವಿಶ್ವದಾಖಲೆ ಬರೆದರು. ಇವರಲ್ಲಿ ಫಿಟ್ ಯಾರು? ಮೊದಲು ಯಾವ ಕೆಲಸಕ್ಕೆ ಎಂದು ಹೇಳಿ.

ನಿಮ್ಮ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ಎರಡೂ ನಿಮ್ಮಲ್ಲಿವೆ. ಹೊಟ್ಟೆಯ ಚಿಂತೆ ಬಿಡದಿದ್ದರೆ ಟೇಪ್ ಹಿಡಿದು ಅಳೆಯಿರಿ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಅಪಾಯ ಹೆಚ್ಚು ಇರುವುದು ಒಳಗೆ, ಅಂಗಾಂಗಗಳ ಸುತ್ತ ಸೇರುವ ಕೊಬ್ಬಿನಲ್ಲಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಆ ಕೆತ್ತಿದ ದೇಹ ಯಾರಿಗೆ ಬೇಕಾಗಿದೆ? 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಸ್ಟ್ರಿಯಾ, ಫ್ರಾನ್ಸ್, ಅಮೆರಿಕದ ಯುವಕರಿಗೆ ಚಿತ್ರಗಳನ್ನು ತೋರಿಸಿ ಆದರ್ಶ ದೇಹ ಆರಿಸಲು ಹೇಳಿದ್ದರು. ಮೂರೂ ಕಡೆ ಅವರು ಆರಿಸಿದ್ದು ತಮಗಿಂತ ಸುಮಾರು 13 ಕೆ.ಜಿ. ಹೆಚ್ಚು ಸ್ನಾಯುವಿರುವ ದೇಹ. ಹೆಣ್ಣುಮಕ್ಕಳಿಗೂ ಅಂಥದ್ದೇ ಇಷ್ಟ ಎಂದುಕೊಂಡಿದ್ದರು. ಹೆಣ್ಣುಮಕ್ಕಳನ್ನೇ ಕೇಳಿದಾಗ ಅವರು ಬೆರಳು ತೋರಿಸಿದ್ದು ಸಾಮಾನ್ಯ ಮೈಕಟ್ಟಿನ ಚಿತ್ರಕ್ಕೆ! ಈ ಗೀಳು ಅತಿಯಾದರೆ ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ. ತೋಳು ಎಷ್ಟೇ ಉಬ್ಬಿದರೂ ಕನ್ನಡಿಯಲ್ಲಿ ಸಣಕಲನೇ ಕಾಣಿಸುತ್ತಾನೆ. ಜಿಮ್ ತಪ್ಪುತ್ತದೆಂದು ಮದುವೆ, ಕೆಲಸ, ಸ್ನೇಹ ಎಲ್ಲವನ್ನೂ ತಪ್ಪಿಸಿಕೊಳ್ಳುವವರಿದ್ದಾರೆ. ಅಂಥವರು ಟ್ರೇನರ್‌ಗಿಂತ ಮೊದಲು ಮನೋವೈದ್ಯರನ್ನು ಕಾಣಬೇಕು.