ಕಾರಿನ ತಂತ್ರಾಂಶದ ನಕ್ಷೆಯಲ್ಲಿ ಕಾಲದ ಲೆಕ್ಕವೆಲ್ಲಿ?

ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದೆಂಬ ಮಿತಿ) ನಮೂದಿಸದ ಡ್ರಾಯಿಂಗ್ ಹಿಡಿದು ಯಾರೂ ಲೋಹಕ್ಕೆ ಕೈಹಚ್ಚುವುದಿಲ್ಲ. ಆದರೆ ಕಾರಿನ ತಂತ್ರಾಂಶದ ಮಾತು ಬಂದಾಗ, ಅದರ ಭಾಗಗಳನ್ನು ಚೌಕಗಳಾಗಿ ಬರೆದು ಬಾಣಗಳಿಂದ ಜೋಡಿಸಿದರೆ ವಿನ್ಯಾಸ ಮುಗಿಯಿತೆಂಬ ನಂಬಿಕೆ ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಸಂದೇಶ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣ ತೋರಿಸುತ್ತದೆ. ಎಷ್ಟು ಹೊತ್ತಿಗೆ ತಲುಪುತ್ತದೆಂದು ತೋರಿಸುವುದಿಲ್ಲ.

ಗಂಟೆಗೆ 90 ಕಿ.ಮೀ. ವೇಗದ ಕಾರು 40 ಮಿಲಿಸೆಕೆಂಡಿನಲ್ಲಿ ಒಂದು ಮೀಟರ್ ಸಾಗುತ್ತದೆ. ಸೆನ್ಸರ್ ಕಳಿಸಿದ 8 ಬೈಟ್‌ಗಳ ಸಂದೇಶವು ಸೆಕೆಂಡಿಗೆ 5 ಲಕ್ಷ ಬಿಟ್ ಸಾಗಿಸುವ ಕ್ಯಾನ್ ಬಸ್ಸನ್ನು (ಕಾರಿನೊಳಗಿನ ಕಂಪ್ಯೂಟರುಗಳು ಸಂದೇಶ ಹಂಚಿಕೊಳ್ಳುವ ತಂತಿಜಾಲ) ದಾಟಲು ಸುಮಾರು ಕಾಲು ಮಿಲಿಸೆಕೆಂಡ್ ಸಾಕು. ಆದರೆ ಅದಕ್ಕಿಂತ ಚಿಕ್ಕ ಗುರುತು ಸಂಖ್ಯೆಯ ಸಂದೇಶಗಳು ಸಿದ್ಧವಿದ್ದರೆ ಅವಕ್ಕೇ ಮೊದಲ ಸರದಿ. ತಲುಪಿದ ಮೇಲೂ, ಬ್ರೇಕಿನ ಇಸಿಯುವಿನಲ್ಲಿ (ಬ್ರೇಕನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) 10 ಮಿಲಿಸೆಕೆಂಡಿಗೊಮ್ಮೆ ನಡೆಯುವ ಕಾರ್ಯವು ಆಗಷ್ಟೇ ತನ್ನ ಓದು ಮುಗಿಸಿದ್ದರೆ, ಹೊಸ ಸಂದೇಶವು ಹೆಚ್ಚುಕಡಿಮೆ ಪೂರ್ತಿ 10 ಮಿಲಿಸೆಕೆಂಡ್ ಕಾಯಬೇಕು. ಇಂಥ ಮೂರು ಹಂತಗಳು ಒಂದರ ಹಿಂದೊಂದು ಬಂದರೆ, ಕೆಟ್ಟ ಸಂದರ್ಭದಲ್ಲಿ ಕಾಯುವಿಕೆಯೊಂದರಲ್ಲೇ ಕಾರು 75 ಸೆಂ.ಮೀ. ಮುಂದೆ ಹೋಗಿರುತ್ತದೆ. ಬಸ್ಸಿನ ವೇಗವನ್ನು ಎಷ್ಟು ಹೆಚ್ಚಿಸಿದರೂ ಈ ನಷ್ಟ ತಪ್ಪುವುದಿಲ್ಲ.

ಆದ್ದರಿಂದ ಮಾದರಿ ಭಾಷೆಯನ್ನು, ಅಂದರೆ ಇಂಥ ವಿನ್ಯಾಸದ ನಕ್ಷೆ ಬರೆಯುವ ಭಾಷೆಯನ್ನು, ಅಳೆಯುವಾಗ, ಈ ವಿಳಂಬವನ್ನು ನಕ್ಷೆಯಿಂದಲೇ ಲೆಕ್ಕ ಹಾಕಬಹುದೇ ಎಂದು ಮೊದಲು ಕೇಳಬೇಕು. 1997ರಲ್ಲಿ ಮಾನ್ಯತೆ ಪಡೆದ ಯುಎಂಎಲ್ ಎಂಬ ಮಾದರಿ ಭಾಷೆಯು ತಂತ್ರಾಂಶದ ರಚನೆಯನ್ನು ಚೆನ್ನಾಗಿ ಹೇಳುತ್ತದೆ, ಅದರಿಂದ ಬೆಳೆದ ಸಿಸ್‌ಎಂಎಲ್ ಅಗತ್ಯಗಳನ್ನೂ ಯಂತ್ರಭಾಗಗಳನ್ನೂ ಒಂದೆಡೆ ತರುತ್ತದೆ. ಆದರೆ ಕಾಲದ ಲೆಕ್ಕಕ್ಕೆ ಮಾರ್ಟೆಯಂಥ ವಿಸ್ತರಣೆ ಬೇಕು. ವಿಮಾನಗಳ ಅಗತ್ಯದಿಂದ ಹುಟ್ಟಿ 2004ರಲ್ಲಿ ಮಾನಕವಾದ ಎಎಡಿಎಲ್ ಎಂಬ ಮಾದರಿ ಭಾಷೆಯಲ್ಲಿ ಕಾರ್ಯ, ಪ್ರೊಸೆಸರ್, ಬಸ್ಸುಗಳು ಭಾಷೆಯ ಮೂಲ ಘಟಕಗಳೇ ಆಗಿದ್ದು, ಆವರ್ತನೆಯ ಅವಧಿಯನ್ನೂ ಗಡುವನ್ನೂ ಅವುಗಳ ಜೊತೆಗೇ ಬರೆಯಬಹುದು. ಈ ಒಂದು ಗುಣಕ್ಕಾಗಿ ನಾನು ಅದನ್ನು ಮೇಲಿಡುತ್ತೇನೆ.

ಆದರೂ ಕಾರು ವಿಮಾನವಲ್ಲ. ಒಂದೇ ಮಾದರಿಯ ಕಾರು ಹತ್ತಾರು ರೂಪಾಂತರಗಳಲ್ಲಿ ಮಾರಾಟವಾಗುತ್ತದೆ, ಯಾವ ಸೌಲಭ್ಯ ಯಾವ ರೂಪಾಂತರದಲ್ಲಿದೆ ಎಂಬುದನ್ನು ನಿರ್ವಹಿಸಲು ಯುರೋಪಿನಲ್ಲಿ ವಾಹನಗಳಿಗೆಂದೇ ರೂಪುಗೊಂಡ ಈಸ್ಟ್-ಎಡಿಎಲ್ ಎಂಬ ಮಾದರಿ ಭಾಷೆ ಹೆಚ್ಚು ಅನುಕೂಲ. ಅದು ವಾಹನದ ಸೌಲಭ್ಯಗಳಿಂದ ಆರಂಭಿಸಿ ಹಂತಹಂತವಾಗಿ ಕೆಳಗಿಳಿದು, ಅನುಷ್ಠಾನದ ಹಂತವನ್ನು ಕಾರು ಉದ್ಯಮದ ತಂತ್ರಾಂಶ ಮಾನಕವಾದ ಆಟೋಸಾರ್‌ಗೆ ಒಪ್ಪಿಸುತ್ತದೆ.

ಎಎಡಿಎಲ್‌ಗೆ ಒಸಾಟೆ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಮ್ಮ ಕಾಲೇಜುಗಳ ಅಂತಿಮ ವರ್ಷದವರು ಮೇಲಿನ ಬ್ರೇಕ್ ಸರಪಳಿಯನ್ನೇ ಅದರಲ್ಲಿ ಬರೆದು, 10 ಮಿಲಿಸೆಕೆಂಡನ್ನು 5 ಮಾಡಿದಾಗ ವಿಳಂಬ ಎಷ್ಟು ಇಳಿಯುತ್ತದೆ, ಪ್ರೊಸೆಸರಿನ ಹೊರೆ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು.