ಹೆಸರು ಕೇಳದೆ ತೆಗೆದ ಫೋಟೋ

1936ರ ಮಾರ್ಚ್. ಕ್ಯಾಲಿಫೋರ್ನಿಯಾದ ನಿಪೊಮೊ ಊರಿನ ಹತ್ತಿರ ಬಟಾಣಿ ಬಿಡಿಸುವ ಕೂಲಿಗಳು ಬಿಡಾರ ಹಾಕಿದ್ದರು. ಚಳಿಗೆ ಬೆಳೆ ಹಾಳಾಗಿತ್ತು. ಕೂಲಿ ಇಲ್ಲ, ಊಟಕ್ಕೂ ಗತಿಯಿಲ್ಲ. ಅಮೆರಿಕ ಸರ್ಕಾರಕ್ಕೆ ಕೆಲಸ ಮಾಡುತ್ತಿದ್ದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಸುತ್ತಾಟ ಮುಗಿಸಿ ಮನೆಗೆ ಹೊರಟಿದ್ದರು. ಬಿಡಾರದ ಬೋರ್ಡ್ ಕಂಡರೂ ನಿಲ್ಲಿಸಲಿಲ್ಲ. ಸುಮಾರು 20 ಮೈಲಿ ಹೋದಮೇಲೆ ಮನಸ್ಸು ತಡೆಯದೆ ಕಾರು ತಿರುಗಿಸಿದರು. ಡೇರೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದ ಹೆಂಗಸಿನ ಕೆಲವು ಫೋಟೋ ತೆಗೆದರು. ವಯಸ್ಸು 32 ಅಂತ ತಿಳಿಯಿತು. ಹೆಸರು ಕೇಳಲಿಲ್ಲ.

ಮುಂದೆ ಜಗತ್ತೆಲ್ಲ ನೋಡಿದ 'ಮೈಗ್ರೆಂಟ್ ಮದರ್' (ವಲಸೆ ತಾಯಿ) ಚಿತ್ರ ಇದೇ.

ಸರ್ಕಾರಕ್ಕೆ ಫೋಟೋಗ್ರಾಫರ್‌ಗಳು ಯಾಕೆ ಬೇಕಾಗಿತ್ತು? 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಬೆಳೆಗೆ ಬೆಲೆ ಇಲ್ಲದಾಯಿತು. ಆಮೇಲೆ ಬರ, ಧೂಳಿನ ಬಿರುಗಾಳಿ. ಪಾಲಿಗೆ ಉಳುತ್ತಿದ್ದವರು ನೆಲ ಬಿಟ್ಟು ಹೊರಟರು. ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಇವರಿಗಾಗಿ ಒಂದು ಇಲಾಖೆ ತೆರೆಯಿತು. 1937ರಲ್ಲಿ ಅದಕ್ಕೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಶನ್ ಎಂಬ ಹೆಸರು ಬಂತು. ತೆರಿಗೆ ಹಣ ಎಲ್ಲಿಗೆ ಹೋಗುತ್ತಿದೆ, ಯಾಕೆ ಹೋಗಬೇಕು ಅಂತ ಪೇಟೆಯವರಿಗೆ ತೋರಿಸಬೇಕಿತ್ತು. ಆ ಕೆಲಸ ಇಲಾಖೆಯ ಫೋಟೋ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಪಾಲಿಗೆ ಬಂತು. ವಾಕರ್ ಇವಾನ್ಸ್, ರಸೆಲ್ ಲೀ, ಆರ್ಥರ್ ರಾತ್‌ಸ್ಟೈನ್ ಅವರಂಥ ಫೋಟೋಗ್ರಾಫರ್‌ಗಳನ್ನು ಏನೇನು ತೆಗೆಯಬೇಕು ಎಂಬ ಪಟ್ಟಿ ಕೊಟ್ಟು ಹಳ್ಳಿಗಳಿಗೆ ಕಳಿಸಿದರು. ಬೇಡವೆನಿಸಿದ ಎಷ್ಟೋ ನೆಗೆಟಿವ್‌ಗಳಿಗೆ ತೂತು ಹೊಡೆಸಿ ಬಳಸಲಾಗದಂತೆ ಮಾಡಿದರು. ಯಾವ ಮುಖ ಉಳಿಯಬೇಕು ಅನ್ನುವುದನ್ನು ವಾಷಿಂಗ್ಟನ್‌ನಲ್ಲಿ ಕೂತವರು ತೀರ್ಮಾನಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈ ಫೋಟೋಗಳ ಮೇಲೆ ಜನರಿಗೂ ಅನುಮಾನ ಇತ್ತು. 1936ರಲ್ಲಿ ರಾತ್‌ಸ್ಟೈನ್ ಬಿರುಕು ಬಿಟ್ಟ ನೆಲದಲ್ಲಿ ದನದ ತಲೆಬುರುಡೆಯೊಂದರ ಫೋಟೋ ತೆಗೆದರು. ಬುರುಡೆಯನ್ನು ಸ್ವಲ್ಪ ದೂರ ಸರಿಸಿ ಇನ್ನೊಂದು ಫೋಟೋ ತೆಗೆದರು. ಅದು ಚುನಾವಣೆಯ ವರ್ಷ. ವಿರೋಧಿ ಪತ್ರಿಕೆಗಳು ಸುಳ್ಳು ಫೋಟೋ ಎಂದು ಹುಯಿಲೆಬ್ಬಿಸಿದವು. ಬರ ಮಾತ್ರ ನಿಜವೇ ಆಗಿತ್ತು.

ಆದರೆ ಬುರುಡೆ ಸರಿಸಿದ್ದಕ್ಕಿಂತ ದೊಡ್ಡ ಪ್ರಶ್ನೆ ನಿಪೊಮೊದಲ್ಲಿದೆ. ಲ್ಯಾಂಗ್ ತೆಗೆದ ಫೋಟೋಗಳು ಪತ್ರಿಕೆಯಲ್ಲಿ ಬಂದಮೇಲೆ ಆ ಬಿಡಾರಕ್ಕೆ 20,000 ಪೌಂಡ್ (ಸುಮಾರು 9,000 ಕಿಲೋ) ಆಹಾರ ಹೋಯಿತು. ಎಷ್ಟೋ ಜನರ ಹೊಟ್ಟೆ ತುಂಬಿತು, ಅದು ಸಣ್ಣ ಮಾತಲ್ಲ. ಆದರೆ ಫೋಟೋದಲ್ಲಿದ್ದ ತಾಯಿ ಅಷ್ಟರಲ್ಲಿ ಮಕ್ಕಳ ಜೊತೆ ಬೇರೆ ಕಡೆ ಹೋಗಿಯಾಗಿತ್ತು.

ಆಕೆ ಯಾರು ಅಂತ ಲೋಕಕ್ಕೆ ತಿಳಿದದ್ದು 1978ರಲ್ಲಿ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಒಕ್ಲಹೋಮಾದಲ್ಲಿ ಹುಟ್ಟಿದ ಚೆರೋಕಿ ಮೂಲನಿವಾಸಿ. ನೋಡಿದವರೆಲ್ಲ ಆಕೆಯನ್ನು ಬಿಳಿಯ ರೈತ ಹೆಂಗಸು ಅಂದುಕೊಂಡಿದ್ದರು. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಅಂತ ಲ್ಯಾಂಗ್ ಬರೆದಿದ್ದರು. ಮಾರಲು ನಮ್ಮ ಹತ್ತಿರ ಬೇರೆ ಟೈರ್ ಎಲ್ಲಿತ್ತು ಎಂದಿತು ಮನೆಮಂದಿ. ಆ ಫೋಟೋದಿಂದ ತನಗೆ ಒಂದು ಕಾಸೂ ಬರಲಿಲ್ಲ ಎಂಬ ಬೇಸರ ಫ್ಲಾರೆನ್ಸ್ ಅವರಿಗಿತ್ತು. ಚಿತ್ರ ಸರ್ಕಾರದ್ದಾದ್ದರಿಂದ ಲ್ಯಾಂಗ್ ಅವರಿಗೂ ಅದರಿಂದ ರಾಯಲ್ಟಿ ಬರಲಿಲ್ಲ, ಇದನ್ನೂ ಹೇಳಬೇಕು ಅಲ್ವಾ? ಆದರೆ ಲ್ಯಾಂಗ್ ಹೆಸರು ಚಿತ್ರದ ಜೊತೆ ಉಳಿಯಿತು.

1983ರಲ್ಲಿ ಫ್ಲಾರೆನ್ಸ್ ಹಾಸಿಗೆ ಹಿಡಿದರು. ಆಸ್ಪತ್ರೆ ಖರ್ಚಿಗೆ ಮಕ್ಕಳು ಜನರ ಸಹಾಯ ಕೇಳಿದರು. 25,000 ಡಾಲರ್‌ಗಿಂತ ಜಾಸ್ತಿ ಹಣ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಗೋರಿಕಲ್ಲಿನ ಮೇಲೆ ಅವರ ಹೆಸರಿದೆ. ಅದರ ಜೊತೆಗೇ 'ಮೈಗ್ರೆಂಟ್ ಮದರ್' ಅಂತಲೂ ಕೆತ್ತಿದ್ದಾರೆ.