ಕಮಟು ಹಿಡಿಯುವ ಎಣ್ಣೆ, ಮಂಕಾಗುವ ನೆನಪು

ಮುಂಬಯಿಯ ಮಾಟುಂಗಾದ ನಮ್ಮ ದೊಡ್ಡ ಮಾವ ನಲವತ್ತು ವರ್ಷ ಹೋಟೆಲಿನ ಗಲ್ಲಾದ ಮೇಲೆ ಕೂತವರು. ಯಾವ ಟೇಬಲ್ಲಿಗೆ ಎಷ್ಟು ಇಡ್ಲಿ, ಎಷ್ಟು ಕಾಫಿ ಹೋಯಿತು ಅಂತ ಬಿಲ್ ನೋಡದೆ ಹೇಳುತ್ತಿದ್ದರು. ಈಗ ಒಂದೇ ಮಾತನ್ನು ಮೂರು ಸಲ ಕೇಳುತ್ತಾರೆ. ಒಂದು ದಿನ ದಾದರಿಗೆ ಅಂತ ಲೋಕಲ್ ಹತ್ತಿದವರು ಇಳಿಯೋದನ್ನೇ ಮರೆತು ಬೈಕುಲಾ ತನಕ ಹೋಗಿಬಿಟ್ಟರು, ಅಲ್ಲಿಂದ ಫೋನ್ ಮಾಡಿ "ನಾನು ಎಲ್ಲಿಗೆ ಹೊರಟಿದ್ದೆ?" ಅಂತ ಅತ್ತೆಯನ್ನೇ ಕೇಳಿದರು.

ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಯಾರೋ ಆಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದಿಂದ ಆಗುವ ಹಾನಿ ತಡೆಯುವ ಮಾತ್ರೆ ಕೊಡಿ ಅಂದರು. ದುಬಾರಿ ಬಾಟಲಿ, ತಿಂಗಳಿಗೆ ಎರಡು. ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಆ ಬಾಟಲಿ ನೋಡಿದ ಮೇಲೆಯೇ ನಾನು ಈ ವಿಷಯ ಓದಲು ಕೂತದ್ದು.

ಹೋಟೆಲಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಕೆಲವು ವಾರದಲ್ಲಿ ಕಮಟು ವಾಸನೆ ಬರುತ್ತದೆ ಅಲ್ವಾ? ಗಾಳಿಯಲ್ಲಿನ ಆಮ್ಲಜನಕ ಕೊಬ್ಬನ್ನು ಕೆಡಿಸಿದೆ ಅಂತ ಅರ್ಥ. ಕೆಟ್ಟ ಒಂದು ಅಣು ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಅದು ಅದರ ಪಕ್ಕದ್ದರಿಂದ, ಹೀಗೆ ಸರಪಳಿಯಂತೆ ಮುಂದುವರಿಯುತ್ತದೆ. ತೆಂಗಿನೆಣ್ಣೆ ಬಹಳ ದಿನ ತಡೆದುಕೊಳ್ಳುತ್ತದೆ. ಮೀನೆಣ್ಣೆ ತಡೆಯೋದಿಲ್ಲ. ಮಿದುಳಿನ ಕಷ್ಟ ಇರುವುದು ಇಲ್ಲಿಯೇ. ನೀರನ್ನು ಬಿಟ್ಟು ತೂಗಿದರೆ ಮಿದುಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬೇ ಇದೆ, ಅದರಲ್ಲೂ ಬಂಗುಡೆ, ಭೂತಾಯಿ ಮೀನಿನಲ್ಲಿರುವ ಡಿಎಚ್‌ಎ ಎಂಬ ಬೇಗ ಕೆಡುವ ಕೊಬ್ಬು ಹೇರಳವಾಗಿದೆ.

ಇನ್ನೊಂದು ಕಡೆ, ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಇರುವ ಈ ಮಿದುಳು ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು 20 ಪಾಲನ್ನು ತಾನೇ ಬಳಸುತ್ತದೆ. ಜೀವಕೋಶದ ಒಳಗಿನ ಮೈಟೋಕಾಂಡ್ರಿಯಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಾಗುವಾಗ ಸ್ವಲ್ಪ ಎಲೆಕ್ಟ್ರಾನುಗಳು ಸೋರಿಹೋಗುತ್ತವೆ. ಅವು ಆಮ್ಲಜನಕಕ್ಕೆ ಅಂಟಿಕೊಂಡಾಗ ಹುಟ್ಟುವುದೇ ಫ್ರೀ ರ‍್ಯಾಡಿಕಲ್. ಸುಮ್ನೆ ಬಿಟ್ಟರೆ ಅದು ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಕೈ ಹಾಕುತ್ತದೆ. ಆದರೆ ದೇಹ ಸುಮ್ನೆ ಕೂತಿಲ್ಲ. 1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್, ಈ ರ‍್ಯಾಡಿಕಲ್ಲುಗಳನ್ನು ತಣ್ಣಗೆ ಮಾಡಲೆಂದೇ ನಮ್ಮೊಳಗೆ ಒಂದು ಕಿಣ್ವ ಇದೆ ಎಂದು ತೋರಿಸಿದರು. ದೇಹವೇ ತಯಾರಿಸುವ ಗ್ಲುಟಾಥಯಾನ್ ಎಂಬ ವಸ್ತು ಕೂಡ ಅದೇ ಕಾವಲಿನ ಕೆಲಸ ಮಾಡುತ್ತದೆ. ವಯಸ್ಸಾದಂತೆ ಸೋರಿಕೆ ಹೆಚ್ಚುತ್ತದೆ, ಕಾವಲು ಸಡಿಲವಾಗುತ್ತದೆ. ಈ ತಕ್ಕಡಿ ಒಂದು ಕಡೆ ವಾಲುವುದನ್ನೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಇರುವವರ ಮಿದುಳಿನಲ್ಲಿ ಈ ಹಾನಿ ಎದ್ದು ಕಾಣುತ್ತದೆ.

ಹಾಗಾದರೆ ಆಂಟಿಆಕ್ಸಿಡೆಂಟ್ ನುಂಗಿದರೆ ಆಯಿತಲ್ಲ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಮುಪ್ಪಿಗೆ ಫ್ರೀ ರ‍್ಯಾಡಿಕಲ್ಲೇ ಕಾರಣ ಅಂತ ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್ 1956ರಲ್ಲಿ ಬರೆದಾಗಿನಿಂದ ಎಷ್ಟೋ ಜನ ಹೀಗೇ ಯೋಚಿಸಿದ್ದಾರೆ. ಆದರೆ ಜನರ ಮೇಲೆ ಪರೀಕ್ಷಿಸಿದಾಗ ಲೆಕ್ಕ ಹೊಂದಲಿಲ್ಲ. ಮರೆವು ಈಗಷ್ಟೇ ಶುರುವಾಗಿದ್ದ 769 ಜನರ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ವರ್ಷ ವಿಟಮಿನ್ ಇ ಕೊಟ್ಟರೂ ಆಲ್‌ಝೈಮರ್ ತಡವಾಗಲಿಲ್ಲ. 2017ರಲ್ಲಿ ಬಂದ ಇನ್ನೊಂದರಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಅಲ್ಲೂ ವಿಟಮಿನ್ ಇ, ಸೆಲೆನಿಯಮ್ ಎರಡೂ ಮರೆವಿನ ಕಾಯಿಲೆ ತಡೆಯಲಿಲ್ಲ. 2014ರ ಒಂದು ಅಧ್ಯಯನದಲ್ಲಿ ಮಾತ್ರ, ಆಗಲೇ ಆಲ್‌ಝೈಮರ್ ಇದ್ದವರಿಗೆ ದೊಡ್ಡ ಪ್ರಮಾಣದ ವಿಟಮಿನ್ ಇಯಿಂದ ದಿನನಿತ್ಯದ ಕೆಲಸಗಳಲ್ಲಿ ಸ್ವಲ್ಪ ಅನುಕೂಲ ಕಂಡಿತು. ಅಷ್ಟು ದೊಡ್ಡ ಪ್ರಮಾಣವನ್ನು ಡಾಕ್ಟರ್ ಹೇಳದೆ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯ ಇದೆ.

ಮಾತ್ರೆ ಯಾಕೆ ಸೋಲುತ್ತದೆ ಅನ್ನುವುದಕ್ಕೆ ಒಂದು ಉತ್ತರ ನನಗೆ ಬಹಳ ಇಷ್ಟವಾಯಿತು. ಸ್ವಲ್ಪ ಫ್ರೀ ರ‍್ಯಾಡಿಕಲ್ ದೇಹಕ್ಕೆ ಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ಅವು ಹೆಚ್ಚುತ್ತವೆ. ಅದನ್ನೇ ಸೂಚನೆ ಅಂತ ತಿಳಿದು ದೇಹ ತನ್ನ ಕಾವಲನ್ನು ಬಲಪಡಿಸಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ವಿಟಮಿನ್ ಸಿ, ಇ ಮಾತ್ರೆ ನುಂಗಿದವರಲ್ಲಿ ಆ ಕಾವಲು ಬಲಗೊಳ್ಳಲೇ ಇಲ್ಲ, ವ್ಯಾಯಾಮದಿಂದ ಇನ್ಸುಲಿನ್ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುವ ಲಾಭವೂ ಸಿಗಲಿಲ್ಲ.

ಫಿನ್ಲೆಂಡಿನಲ್ಲಿ ಬೇರೆ ದಾರಿ ಹಿಡಿದರು. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿದ್ದ 1260 ಹಿರಿಯರನ್ನು ಆರಿಸಿ, ಅರ್ಧ ಜನರಿಗೆ ಎರಡು ವರ್ಷ ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ ಮತ್ತು ಶುಗರ್ ಮೇಲೆ ನಿಗಾ, ಎಲ್ಲವನ್ನೂ ಒಟ್ಟಿಗೆ ಮಾಡಿಸಿದರು. ಉಳಿದವರಿಗೆ ಸಿಕ್ಕಿದ್ದು ಸಾಮಾನ್ಯ ಸಲಹೆ ಮಾತ್ರ. 2015ರಲ್ಲಿ ಫಲಿತಾಂಶ ಬಂದಾಗ ಮೊದಲ ಗುಂಪಿನವರ ಮಿದುಳು ಪರೀಕ್ಷೆಗಳಲ್ಲಿ ಹೆಚ್ಚು ಚುರುಕಾಗಿತ್ತು.

ಮುಂಬಯಿಯವರಿಗೆ ಗಾಳಿಯ ಮಾತೂ ಇದೆ. ಮೆಕ್ಸಿಕೊ ಸಿಟಿ ಮತ್ತು ಮ್ಯಾಂಚೆಸ್ಟರ್‌ನಲ್ಲಿ ತೀರಿಹೋದವರ ಮಿದುಳಿನಲ್ಲಿ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು ಸಿಕ್ಕಿವೆ ಎಂದು 2016ರಲ್ಲಿ ಒಂದು ಅಧ್ಯಯನ ಹೇಳಿತು. ಅವುಗಳಲ್ಲಿ ಹೆಚ್ಚಿನವು ಹೊಗೆಯ ಜೊತೆ ಬರುವ ಕಣಗಳಂತೆ ದುಂಡಗಿದ್ದವು. ಕಬ್ಬಿಣ ಇದ್ದಲ್ಲಿ ರ‍್ಯಾಡಿಕಲ್ಲುಗಳ ಹಾವಳಿ ಜಾಸ್ತಿ. ಚಳಿಗಾಲದಲ್ಲಿ ಇಲ್ಲಿ ಮಬ್ಬು ಕವಿದ ಬೆಳಗ್ಗೆ ಹಿರಿಯರು ರಸ್ತೆ ಪಕ್ಕ ವಾಕಿಂಗ್ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಂಥ ದಿನ ಮನೆಯೊಳಗೇ ನಡೆದರೆ ಒಳ್ಳೆಯದು.

ಮಾವನನ್ನು ಕೊನೆಗೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಅವರು ಬಾಟಲಿ ಪಕ್ಕಕ್ಕಿಟ್ಟು ಮೊದಲು ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಬರೆದರು, ಅವು ಏರುಪೇರಾದರೂ ಮರೆವು ಬರಬಹುದು. ಬಿ12 ಬಹಳ ಕಡಿಮೆ ಇತ್ತು. ಮಾವ ಶುದ್ಧ ಸಸ್ಯಾಹಾರಿ, ಮೇಲಿಂದ ಹದಿನೈದು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್, ಅದು ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಕಿವಿಯೂ ಮಂದವಾಗಿತ್ತು, ನಾವು ಗಮನಿಸಿರಲಿಲ್ಲ. ಕಿವಿ ಕೇಳದಿರುವುದು ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರ ತನ್ನ ವರದಿಯಲ್ಲಿ ಮತ್ತೆ ಹೇಳಿದೆ. ನಮ್ಮ ಮನೆಯ ಹಾಗೆ ಎಷ್ಟು ಮನೆಗಳಲ್ಲಿ ಇಂಥ ಸಾದಾ ಪರೀಕ್ಷೆ ಬಿಟ್ಟು ಬಾಟಲಿ ಕೊಳ್ಳುತ್ತಿದ್ದಾರೋ!

ಈಗ ಬಿ12 ಇಂಜೆಕ್ಷನ್ ನಡೆಯುತ್ತಿದೆ, ಕಿವಿಗೆ ಯಂತ್ರ ಬಂದಿದೆ. ಸಂಜೆ ಫೈವ್ ಗಾರ್ಡನ್‌ನಲ್ಲಿ ಅತ್ತೆಯ ಜೊತೆ ಎರಡು ಸುತ್ತು ಹಾಕುತ್ತಾರೆ. ಒಂದೇ ಮಾತು ಮೂರು ಸಲ ಕೇಳುವುದು ಇನ್ನೂ ನಿಂತಿಲ್ಲ, ನೆನಪಿನ ಪರೀಕ್ಷೆ ಮೂರು ತಿಂಗಳು ಬಿಟ್ಟು ಮತ್ತೆ ಮಾಡಬೇಕು ಎಂದಿದ್ದಾರೆ ಡಾಕ್ಟರು.